ಕಾವಲೂ ಆಸರೆಯೂ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಹೆಂಗಸರ ಮೇಲೆ, ಎಳೆಯ ಮಕ್ಕಳ ಮೇಲೆ ಅತ್ಯಾಚಾರ ನಡೆಸಿದವನಿಗೆ ಶಿಕ್ಷೆಯಾಗಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅಂಥವರಲ್ಲಿ ಬಹುಮಂದಿ ಒಂದು ದಿನ ಶಿಕ್ಷೆ ಮುಗಿಸಿ ಹೊರಗೆ ಬರುತ್ತಾರೆ. ಊರಿನವರು ಸೇರಿಸರು, ಮನೆಯವರು ಬಾಗಿಲು ತೆರೆಯರು. ಗುರುತು ಹಿಡಿಯುವವರಿಲ್ಲದ ದೊಡ್ಡ ಪಟ್ಟಣದ ಯಾವುದೋ ಚಾಳಿನಲ್ಲಿ ಅವನೊಂದು ಖೋಲಿ ಹಿಡಿಯುತ್ತಾನೆ. ಪಕ್ಕದ ಖೋಲಿಯಲ್ಲಿ ಮಕ್ಕಳಿರುತ್ತಾರೆ. ಆದ್ದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಇದಕ್ಕೆ ಕೆನಡಾ ದೇಶದ ಹ್ಯಾಮಿಲ್ಟನ್ ಪಟ್ಟಣದವರು ಒಂದು ದಾರಿ ಕಂಡುಕೊಂಡರು. 1994ರಲ್ಲಿ, ಮಕ್ಕಳ ಮೇಲೆ ಪದೇ ಪದೇ ಅತ್ಯಾಚಾರ ನಡೆಸಿದ್ದ ಒಬ್ಬನು ಪೂರ್ಣ ಅವಧಿ ಮುಗಿಸಿ ಅಲ್ಲಿಗೆ ಬಂದನು. ಜನ ಕೆರಳಿದರು, ಪೊಲೀಸರು ಕಾವಲು ಹಾಕಿದರು. ಹ್ಯಾರಿ ನೈ ಎಂಬ ಮೆನ್ನೊನೈಟ್ ಪಂಗಡದ ಪಾದ್ರಿಗೆ ಅವನ ಪರಿಚಯವಿತ್ತು. ಅವರು ತಮ್ಮ ಸಭೆಯ ಕೆಲವರನ್ನು ಕೂಡಿಸಿ ಅವನ ಸುತ್ತ ಒಂದು ಬಳಗ ಕಟ್ಟಿದರು. ಸಾಯುವ ತನಕ ಆತ ಮತ್ತೆ ಅಂಥ ಅಪರಾಧಕ್ಕೆ ಕೈಹಾಕಲಿಲ್ಲ.

ಈಗ ಅನೇಕ ಕಡೆ ನಡೆಯುವ ಈ ಬಳಗದ ಕ್ರಮ ಸರಳವಾದುದು. ತರಬೇತಿ ಪಡೆದ ನಾಲ್ಕರಿಂದ ಆರು ಮಂದಿ ಸ್ವಯಂಸೇವಕರು ಬಿಡುಗಡೆಯಾದವನನ್ನು ವಾರವಾರವೂ ಕಾಣುತ್ತಾರೆ. ಮನೆ, ಕೆಲಸ ಹುಡುಕಲು ನೆರವಾಗುತ್ತಾರೆ. ಅವನು ತನ್ನ ಅಪರಾಧವನ್ನು ಅವರ ಮುಂದೆ ಮುಚ್ಚಿಡುವಂತಿಲ್ಲ. ಮನಸ್ಸು ಹಳೆಯ ಕಡೆಗೆ ಹರಿದರೆ ಹೇಳಬೇಕು. ಅಪಾಯದ ಸುಳಿವು ಸಿಕ್ಕರೆ ಬಳಗವೇ ಅಧಿಕಾರಿಗಳಿಗೆ ತಿಳಿಸುತ್ತದೆ. ಹಿಂದೆ ಪೊಲೀಸರು, ಮನಶ್ಶಾಸ್ತ್ರಜ್ಞರು ಇರುತ್ತಾರೆ. ಮತ್ತೊಂದು ಜೀವ ನೋಯಬಾರದು, ಯಾವ ಮನುಷ್ಯನೂ ಬಿಸಾಡತಕ್ಕ ವಸ್ತುವಲ್ಲ: ಇವೆರಡೇ ಅದರ ಸೂತ್ರ.

"ಇಂಥವನಿಗೇಕೆ ಈ ಉಪಚಾರ? ನೊಂದ ಹುಡುಗಿಯ ಗತಿಯೇನು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೊಂದವರ ಆರೈಕೆಯೇ ಮೊದಲನೆಯದು. ಬಳಗ ಅದರ ಬದಲಿಯಲ್ಲ, ಶಿಕ್ಷೆಯ ಬದಲಿಯೂ ಅಲ್ಲ. ಇನ್ನೊಬ್ಬ ಹುಡುಗಿ ನೋಯದಿರಲೆಂದೇ ಅದು ಹುಟ್ಟಿದ್ದು.

ಅಮೆರಿಕದ ಮಿನ್ನೆಸೋಟ ರಾಜ್ಯ 2008ರಲ್ಲಿ ಇದನ್ನು ಆರಂಭಿಸಿತು. ಅಲ್ಲಿ 100 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಮಾತ್ರ ಬಳಗ ಒದಗಿಸಿ ಪರೀಕ್ಷಿಸಿದರು. ಬಳಗವಿದ್ದವರು ಹೊಸ ಲೈಂಗಿಕ ಅಪರಾಧಕ್ಕಾಗಿ ಬಂಧಿತರಾಗುವ ಸಂಭವ ಶೇಕಡ 88ರಷ್ಟು ಇಳಿದಿತ್ತೆಂದು 2018ರಲ್ಲಿ ಪ್ರಕಟವಾಯಿತು. ನೂರು ಮಂದಿ ದೊಡ್ಡ ಸಂಖ್ಯೆಯಲ್ಲ, ನಿಜ; ಆದರೂ ತಳ್ಳಿಹಾಕುವ ಮಾತಲ್ಲ.

ನಮ್ಮ ಸರಕಾರವೂ 2018ರಲ್ಲಿ ಇಂಥ ಅಪರಾಧಿಗಳ ರಾಷ್ಟ್ರೀಯ ಪಟ್ಟಿಯನ್ನು ಪೊಲೀಸರ ಉಪಯೋಗಕ್ಕೆ ತೆರೆಯಿತು. ಪಟ್ಟಿ ಬೇಕು. ಆದರೆ ಪಟ್ಟಿ ಯಾರ ಬಾಗಿಲನ್ನೂ ತಟ್ಟಿ ಮಾತನಾಡಿಸುವುದಿಲ್ಲ. "ನಿನ್ನೆ ಎಲ್ಲಿದ್ದೆ?" ಎಂದು ಕೇಳುವವರಿದ್ದರೆ ಮನುಷ್ಯ ದಾರಿ ತಪ್ಪುವುದು ಕಷ್ಟ, ಊರು ಬಿಟ್ಟು ಬಂದ ನಮಗೆ ಇದು ಚೆನ್ನಾಗಿ ಗೊತ್ತು. ಓಡಿಸಿಬಿಟ್ಟವನು ಕಣ್ಮರೆಯಾಗುತ್ತಾನೆ, ಕಣ್ಣೆದುರಿಗಿದ್ದವನನ್ನು ಕಾಯಬಹುದು. ಮಕ್ಕಳ ಕ್ಷೇಮ ಯಾವುದರಲ್ಲಿದೆಯೆಂಬುದನ್ನು ತಾವೇ ಯೋಚಿಸಬೇಕೆಂದು ಬಿನ್ನವಿಸಿ, ನನ್ನ ಮಾತು ಮುಗಿಸುತ್ತೇನೆ.