ಊಟದ ಮನೆಯ ಒಂದು ಗೋಡೆ

ಹೊಸ ಮನೆ ಕಟ್ಟಿಸುವವರಲ್ಲಿ ಈಗ ಒಂದು ಪದ್ಧತಿ ರೂಢಿಗೆ ಬಂದಿದೆ. ಊಟದ ಕೋಣೆಯ ಮೂರು ಗೋಡೆಗಳಿಗೆ ಕೆನೆಯಂಥ ತಿಳಿ ಬಣ್ಣ ಬಳಿಸುತ್ತಾರೆ. ನಾಲ್ಕನೆಯದಕ್ಕೆ ಮಾತ್ರ ಕಡುಗೆಂಪೋ ಕಡುಹಸುರೋ ಕೊಟ್ಟು, ಅದರ ಮೇಲೆ ಒಂದೆರಡು ಚಿತ್ರಗಳನ್ನು ತೂಗಹಾಕುತ್ತಾರೆ. ಇದನ್ನು ಕಂಡು ಮೂಗು ಮುರಿಯುವ ಹಿರಿಯರೂ ಉಂಟು. ಊಟಕ್ಕೆ ಕುಳಿತವನಿಗೆ ಎಲೆಯ ಮೇಲೆ ಏನಿದೆ ಎಂಬುದು ಮುಖ್ಯವೋ, ಗೋಡೆಯ ಮೇಲೆ ಏನಿದೆ ಎಂಬುದು ಮುಖ್ಯವೋ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಹೇಳುವ ಮೊದಲು, ನಾವು ಊಟಕ್ಕೆ ಕುಳಿತುಕೊಳ್ಳುವ ರೀತಿ ಹೇಗೆ ಬದಲಾಗಿದೆ ಎಂಬುದನ್ನು ಸ್ವಲ್ಪ ಗಮನಿಸಬೇಕು.

ನಮ್ಮ ಹಳೆಯ ಮನೆಗಳಲ್ಲಿ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕುಳಿತುಕೊಳ್ಳುತ್ತಿದ್ದೆವು. ದೃಷ್ಟಿ ಮುಂದಿನ ಎಲೆಯ ಕಡೆಗೆ. ಹೆಚ್ಚೆಂದರೆ ಎದುರು ಪಂಕ್ತಿಯವರ ಎಲೆಯ ಕಡೆಗೆ. ಗೋಡೆಗೆ ವರ್ಷಕ್ಕೊಮ್ಮೆ, ಹಬ್ಬದ ಮುಂಚೆ, ಸುಣ್ಣ. ಬುಡದಲ್ಲಿ ಗೇಣುದ್ದ ಕೆಮ್ಮಣ್ಣಿನ ಪಟ್ಟಿ. ಆ ಗೋಡೆಯನ್ನು ನೋಡುವವರಿರಲಿಲ್ಲ, ಒರಗುವವರಿದ್ದರು. ಸುಣ್ಣ ಬಳಿದ ಹೊಸದರಲ್ಲಿ ಯಾರು ಊಟ ಮುಗಿಸಿ ಎದ್ದರು ಎಂಬುದನ್ನು ಅವರ ಬೆನ್ನೇ ಹೇಳುತ್ತಿತ್ತು. ಮೇಜು ಕುರ್ಚಿಗಳು ಬಂದವು. ನಾವು ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ಹೋದೆವು, ಕೋಣೆಯ ನಡುವಿಗೆ ಬಂದೆವು. ಬೆನ್ನಿಗಿದ್ದ ಗೋಡೆ ಕಣ್ಣಿಗೆ ಎದುರಾಯಿತು. ಆದ್ದರಿಂದ ಗೋಡೆಯ ಚಿಂತೆ ಬರಿಯ ಶೋಕಿಯಲ್ಲ; ನಮ್ಮ ಆಸನ ಬದಲಾದದ್ದರ ಫಲ.

ಮೇಜಿನ ಮುಂದೆ ಕುಳಿತು ಉಣ್ಣುವ ರೂಢಿ ಬಹು ಕಾಲದಿಂದ ಇರುವ ದೇಶಗಳಲ್ಲಿ ಈ ಗೋಡೆಯನ್ನು ಕುರಿತು ದೊಡ್ಡವರೇ ಯೋಚಿಸಿದ್ದಾರೆ. ಲಿಯೊನಾರ್ಡೊ ಡ ವಿಂಚಿಯ ‘ಕೊನೆಯ ಭೋಜನ’ ಎಂಬ ಚಿತ್ರವನ್ನು ಅಚ್ಚಿನಲ್ಲಾದರೂ ನೋಡದವರು ಕಡಿಮೆ. ಅದು ದೇವಾಲಯದ ಗೋಡೆಯ ಮೇಲಿನದಲ್ಲ, ಅರಮನೆಯದೂ ಅಲ್ಲ. ಇಟಲಿಯ ಮಿಲಾನ್ ನಗರದಲ್ಲಿ ಡೊಮಿನಿಕನ್ ಸನ್ಯಾಸಿಗಳ ಮಠವೊಂದರ ಊಟದ ಮನೆಯ ಗೋಡೆಯ ಮೇಲಿನದು. 1495ರಿಂದ 1498ರವರೆಗಿನ ಅವಧಿಯಲ್ಲಿ ರಚಿತವಾದ ಆ ಚಿತ್ರದ ಅಗಲ ಸುಮಾರು ಇಪ್ಪತ್ತೊಂಬತ್ತು ಅಡಿ, ಎತ್ತರ ಹದಿನೈದು ಅಡಿ. ಆ ಸನ್ಯಾಸಿಗಳು ಮೌನವಾಗಿ ಉಣ್ಣಬೇಕು. ಒಬ್ಬರು ಧರ್ಮಗ್ರಂಥವನ್ನು ಓದಬೇಕು, ಉಳಿದವರು ಕೇಳಬೇಕು. ಜರ್ಮನಿಯ ಮಹಾಕವಿ ಗಯಟೆ ಈ ಚಿತ್ರವನ್ನು ಕುರಿತು ಬರೆದ ಪ್ರಬಂಧದಲ್ಲಿ ಒಂದು ಸೊಗಸಾದ ವಿವರವಿದೆ. ಕೋಣೆಯ ಒಂದು ತುದಿಗೆ ಮಠಾಧಿಪತಿಯ ಮೇಜು, ಎರಡು ಬದಿಗಳಲ್ಲಿ ಸನ್ಯಾಸಿಗಳ ಮೇಜುಗಳು. ನಾಲ್ಕನೆಯ ಬದಿಯ ಗೋಡೆಯ ಮೇಲೆ, ಬಣ್ಣದಲ್ಲಿ ಬರೆದ ನಾಲ್ಕನೆಯ ಮೇಜು. ಅಲ್ಲಿ ಕ್ರಿಸ್ತನೂ ಅವನ ಶಿಷ್ಯರೂ ಅದೇ ಪಂಕ್ತಿಗೆ ಸೇರಿದವರಂತೆ ಕುಳಿತಿದ್ದಾರೆ. ಆ ಮೇಜಿನ ಮೇಲೆ ಹಾಸಿದ ಬಟ್ಟೆಯ ಮಡಿಕೆಗಳು, ಅಂಚು, ಗಂಟು ಹಾಕಿದ ತುದಿಗಳು ಕೂಡ ಮಠದ ಬಟ್ಟೆಯನ್ನೇ ನೋಡಿ ಬರೆದಂತಿವೆ ಎಂದು ಕವಿಯ ಊಹೆ. ಮಾತಿಲ್ಲದೆ ಉಣ್ಣುವ ಜನಕ್ಕೆ ಚಿತ್ರಕಾರ ಅಲಂಕಾರವನ್ನು ಕೊಡಲಿಲ್ಲ, ಸಹಪಂಕ್ತಿಯನ್ನು ಕೊಟ್ಟ.

ಆ ಗೋಡೆಯ ಕಥೆಯಲ್ಲಿ ಬಣ್ಣ ಬಳಿಯುವವರಿಗೆ ಒಂದು ಪಾಠವೂ ಇದೆ. ಹಸಿಗಾರೆಯ ಮೇಲೆ ಬರೆದರೆ ಬಣ್ಣ ಗಾರೆಯೊಡನೆ ಬೆರೆತು ನಿಲ್ಲುತ್ತದೆ; ಆದರೆ ಗಾರೆ ಒಣಗುವುದರೊಳಗೆ ಬರೆದು ಮುಗಿಸಬೇಕು. ಲಿಯೊನಾರ್ಡೊ ನಿಧಾನದ ಕೆಲಸಗಾರ. ತಿದ್ದುವುದಕ್ಕೆ ಅವಕಾಶ ಬೇಕೆಂದು ಒಣಗಿದ ಗೋಡೆಯ ಮೇಲೆ ಬರೆದ. ಗೋಡೆಯ ತೇವಕ್ಕೆ, ಕೆಲವೇ ದಶಕಗಳಲ್ಲಿ, ಬಣ್ಣ ಹಕ್ಕಳೆ ಹಕ್ಕಳೆಯಾಗಿ ಏಳತೊಡಗಿತು. 1652ರಲ್ಲಿ ಮಠದವರೇ ಆ ಗೋಡೆಯಲ್ಲಿ ಬಾಗಿಲನ್ನು ಎತ್ತರಿಸಿ ಕೊರೆಸಿದಾಗ ಕ್ರಿಸ್ತನ ಪಾದಗಳು ಹೋದವು. 1943ರಲ್ಲಿ ಬಾಂಬು ಬಿದ್ದು ಮಾಡೂ ಪಕ್ಕದ ಗೋಡೆಯೂ ಉರುಳಿದವು. ಮರಳ ಚೀಲಗಳ ಆಸರೆಯಲ್ಲಿ ಈ ಗೋಡೆ ಉಳಿಯಿತು. ಇಪ್ಪತ್ತು ವರ್ಷಕ್ಕೂ ಮೀರಿ ನಡೆದ ಜೀರ್ಣೋದ್ಧಾರ 1999ರಲ್ಲಿ ಮುಗಿಯಿತು. ಗೋಡೆಯಲ್ಲಿ ತೇವವಿದ್ದರೆ ಲಿಯೊನಾರ್ಡೊನಿಗೂ ವಿನಾಯಿತಿಯಿಲ್ಲ. ಆದ್ದರಿಂದ ಬಣ್ಣದ ಅಂಗಡಿಗೆ ಹೋಗುವ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಿ ನಿಲ್ಲಿಸಬೇಕು.

ಇನ್ನೊಂದು ಊಟದ ಕೋಣೆ ಲಂಡನ್ನಿನದು. ಅದರ ಕಥೆ ಬೇರೆ ಬಗೆಯದು. ಹಡಗುಗಳ ವ್ಯಾಪಾರದಲ್ಲಿ ಹಣ ಗಳಿಸಿದ್ದ ಫ್ರೆಡರಿಕ್ ಲೇಲೆಂಡ್ ಎಂಬಾತ ತನ್ನ ಮನೆಯ ಊಟದ ಕೋಣೆಯಲ್ಲಿ ಚೀನಾದ ನೀಲಿ ಬಿಳಿ ಪಿಂಗಾಣಿಗಳನ್ನು ಜೋಡಿಸಿದ್ದ. ಗೋಡೆಗಳಿಗೆ ಹೊದಿಸಿದ್ದು ಬೆಲೆಬಾಳುವ ಹಳೆಯ ಚಿತ್ತಾರದ ತೊಗಲು. ವಿಸ್ಲರ್ ಎಂಬ ಪ್ರಸಿದ್ಧ ಚಿತ್ರಕಾರನ ಒಂದು ಚಿತ್ರ ಅಲ್ಲಿತ್ತು. ಬಣ್ಣದ ಬಗ್ಗೆ ಸ್ವಲ್ಪ ಸಲಹೆ ಕೊಡೆಂದು ಕೇಳಿದ್ದೇ ತಡ, ವಿಸ್ಲರ್ 1876ರಲ್ಲಿ, ಯಜಮಾನ ಊರಿನಲ್ಲಿಲ್ಲದಾಗ, ಆ ತೊಗಲಿನ ಮೇಲೆಯೇ ನೀಲಿ ಬಳಿದು ಹೊಂಬಣ್ಣದ ನವಿಲುಗಳನ್ನು ತುಂಬಿಸಿಬಿಟ್ಟ. ಎರಡು ಸಾವಿರ ಗಿನಿ ಕೇಳಿದ. ಲೇಲೆಂಡ್ ಅರ್ಧ ಮಾತ್ರ ಕೊಟ್ಟ, ಅದೂ ಗಿನಿಯಲ್ಲಲ್ಲ, ಪೌಂಡಿನಲ್ಲಿ. ಚಿತ್ರಕಾರ ಸಿಟ್ಟಿನಿಂದ, ಮೇಜಿನ ಮುಂದಿನ ಗೋಡೆಯ ಮೇಲೆ, ಕಾದಾಡುವ ಎರಡು ನವಿಲುಗಳನ್ನು ಬರೆದ: ಒಂದು ಬಡ ನವಿಲು, ಇನ್ನೊಂದು ಹಣದ ನವಿಲು, ಅದರ ಕಾಲ ಬಳಿ ಬೆಳ್ಳಿಯ ನಾಣ್ಯಗಳು. ಹಗೆಯಾಯಿತು, ಆದರೂ ಲೇಲೆಂಡ್ ಆ ಚಿತ್ರವನ್ನು ಅಳಿಸಲಿಲ್ಲ. 1892ರಲ್ಲಿ ತೀರಿಕೊಳ್ಳುವವರೆಗೂ ಆ ಜಗಳ ಅವನ ಊಟದ ಕೋಣೆಯಲ್ಲೇ ಇತ್ತು. ಕೋಣೆಗೆ ಕೋಣೆಯೇ ಈಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಕಲೆಯಾಗಿ ಅದು ಬಹು ದೊಡ್ಡದು. ಆದರೆ ಆ ಗೋಡೆಯ ಮೇಲೆ ಬರೆದವನಿದ್ದಾನೆ, ಹಣ ಕೊಟ್ಟವನಿದ್ದಾನೆ, ಉಣ್ಣುವವರಿಗೆ ಜಾಗವಿಲ್ಲ.

ಒಂದೇ ಗೋಡೆಯನ್ನು ಆರಿಸಿ ಅದಕ್ಕೆ ವಿಶೇಷ ಮನ್ನಣೆ ಕೊಡುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಮಲೆನಾಡಿನ ಸಾಗರ, ಸೊರಬಗಳ ಕಡೆ ದೀವರ ಮನೆಗಳಲ್ಲಿ ಮದುವೆಯ ಹೊತ್ತಿಗೆ ಹಸೆಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಬರೆಯುವವರು ಹೆಂಗಸರು. ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿಯ ನಾರು. ಎಳೆಯ ಪಕ್ಕಕ್ಕೆ ಎಳೆ ಹಿಡಿದು, ಅವಸರವಿಲ್ಲದೆ ಬರೆಯುತ್ತಾರೆ. ಮದುಮಕ್ಕಳು ಕುಳಿತುಕೊಳ್ಳುವ ಜಾಗ ಅದು. ಆ ಗೋಡೆ ಯಾರಿಗಾಗಿ ಎಂಬುದರಲ್ಲಿ ಮನೆಯವರಿಗೆ ಸಂದೇಹವೇ ಇಲ್ಲ. ಆ ನಿಶ್ಚಯದಿಂದಲೇ ಅದಕ್ಕೆ ಚೆಲುವು ಬರುತ್ತದೆ.

ಹಾಗಾದರೆ ನಮ್ಮ ಊಟದ ಕೋಣೆಯ ಗೋಡೆ ಯಾರಿಗಾಗಿ? ಬರುವ ನೆಂಟರಿಗಾಗಿ ಎಂದು ಬಹುಮಂದಿಯ ಉತ್ತರ. ಆದರೆ ನೆಂಟರು ಗೋಡೆಯನ್ನು ನೋಡುವುದು ಒಂದು ಗಳಿಗೆ; ಹೊಗಳಿ, ಮಾತಿಗೆ ತೊಡಗುತ್ತಾರೆ. ಮಕ್ಕಳು ತಟ್ಟೆಯನ್ನೋ ಪರಸ್ಪರರನ್ನೋ ನೋಡುತ್ತಾರೆ. ಆ ಗೋಡೆಯನ್ನು ನಿಜವಾಗಿ ನೋಡುವವರು, ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ಒಬ್ಬರೇ ಕುಳಿತು ಉಣ್ಣುವವರು.

ನನ್ನ ತಾಯಿ ಹಾಗೆ ಉಣ್ಣುತ್ತಿದ್ದರು. ಅಡುಗೆಮನೆಯ ಹೊಸ್ತಿಲ ಬಳಿ ಎಲೆ ಹಾಕಿಕೊಂಡು, ಗೋಡೆಗೆ ಮುಖಮಾಡಿ ಕುಳಿತುಕೊಳ್ಳುತ್ತಿದ್ದರು. ಆ ಗೋಡೆಯ ಮೇಲೆ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಒಂದು ಚಿತ್ರವಿತ್ತು: ಬೆಣ್ಣೆಯ ಗಡಿಗೆಗೆ ಕೈಯಿಟ್ಟ ಬಾಲಕೃಷ್ಣ. ವರ್ಷ ಮುಗಿದು ತಿಂಗಳ ಹಾಳೆಗಳೆಲ್ಲ ಹೋಗಿದ್ದರೂ ಚಿತ್ರವನ್ನು ಅವರು ತೆಗೆಯಲು ಬಿಟ್ಟಿರಲಿಲ್ಲ. ಒಗ್ಗರಣೆಯ ಹೊಗೆಗೆ ಕೃಷ್ಣನ ನೀಲಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೊಸದೊಂದನ್ನು ತರುತ್ತೇನೆ ಎಂದು ನಾನು ಹೇಳಿದಾಗ, “ಬೇಡ ಕಣೋ, ಇವನೂ ಉಣ್ತಾ ಇರ್ತಾನೆ, ನಾನೂ ಉಣ್ತೀನಿ” ಎಂದರು. ಮಿಲಾನಿನ ಸನ್ಯಾಸಿಗಳಿಗೆ ಲಿಯೊನಾರ್ಡೊ ಮಾಡಿಕೊಟ್ಟದ್ದು ಇದನ್ನೇ ಎಂದು ನನಗೆ ಅರ್ಥವಾದದ್ದು, ಬಹಳ ವರ್ಷಗಳ ನಂತರ ಗಯಟೆಯ ಪ್ರಬಂಧವನ್ನು ಓದಿದಾಗ.

ಈಚೆಗೆ ನನ್ನ ಶಿಷ್ಯರೊಬ್ಬರು ಮನೆ ಕಟ್ಟಿಸಿದರು. ಊಟದ ಕೋಣೆಯ ಒಂದು ಗೋಡೆಗೆ ಕೆಮ್ಮಣ್ಣಿನ ಬಣ್ಣ. ಅದರ ಮೇಲೆ ಒಳ್ಳೆಯ ಚಿತ್ರವೊಂದನ್ನು, ನಿಂತವರ ಕಣ್ಣಿಗಿಂತಲೂ ಸ್ವಲ್ಪ ಎತ್ತರದಲ್ಲಿ, ತೂಗಹಾಕಲು ಅಳತೆ ಮಾಡುತ್ತಿದ್ದರು. ಬೆನ್ನು ಬಾಗಿದ ಅವರ ತಾಯಿ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದವರು, “ಅಷ್ಟು ಮೇಲೆ ಹಾಕಿದರೆ ಬಂದವರಿಗೆ ಕಾಣುತ್ತಪ್ಪ, ನನಗೆ ಕಾಣೋಲ್ಲ” ಎಂದರು. ಮೊಳೆ ಒಂದಡಿ ಕೆಳಗೆ ಬಂತು. ಗೃಹಾಲಂಕಾರದ ಶಾಸ್ತ್ರವೂ ಇದನ್ನೇ ಹೇಳುತ್ತದೆ: ಊಟದ ಕೋಣೆಯ ಚಿತ್ರ ಕುಳಿತವರ ಕಣ್ಣಿನ ಮಟ್ಟಕ್ಕೆ ಹತ್ತಿರವಾಗಿರಬೇಕು. ಆ ತಾಯಿ ಹೇಳಿದ್ದು ಶಾಸ್ತ್ರವನ್ನಲ್ಲ. ಮನೆಯಲ್ಲಿ ತಮ್ಮ ಪಾಲನ್ನು ಕೇಳಿದರು.

ಉಳಿದ ನಿಯಮಗಳು ಈ ಒಂದರಿಂದಲೇ ಹುಟ್ಟುತ್ತವೆ. ಬಣ್ಣದ ಪಟ್ಟಿಯ ಚೂರನ್ನು ಅಂಗಡಿಯ ಬೆಳಕಿನಲ್ಲಿ ನೋಡಿ ಒಪ್ಪಬಾರದು. ಅದನ್ನು ಗೋಡೆಯ ಮೇಲೆ ಒಂದು ಮೊಳ ಬಳಿದು, ಮನೆಯಲ್ಲಿ ಕೊನೆಯವರು ಉಣ್ಣುವ ರಾತ್ರಿಯ ಹೊತ್ತಿನ ದೀಪದಲ್ಲಿ ನೋಡಬೇಕು, ಏಕೆಂದರೆ ದೀಪ ಬದಲಾದರೆ ಬಣ್ಣವೂ ಬದಲಾಗುತ್ತದೆ. ಅಡುಗೆಮನೆ ಹತ್ತಿರವಿದ್ದರೆ, ಒರೆಸಿದರೆ ಹೋಗದ ಬಣ್ಣವಿರಲಿ, ಚಿತ್ರಕ್ಕೆ ಗಾಜಿರಲಿ. ಚಿತ್ರ ಒಂದೇ ಸಾಕು. ಮೂರು ಗೋಡೆಗಳು ಸುಮ್ಮನಿದ್ದರೆ ತಾನೇ ನಾಲ್ಕನೆಯದರ ಮಾತು ಕೇಳಿಸುವುದು? ಆ ಚಿತ್ರ ಬೆಲೆಬಾಳುವುದಾಗಿರಬೇಕೆಂದಿಲ್ಲ; ದಿನವೂ ಎದುರಿಗೆ ಕುಳಿತರೂ ಬೇಸರ ತರದಂಥದಾಗಿರಬೇಕು.

ಎಲ್ಲರಿಗೂ ಬಡಿಸಿ ಒಬ್ಬರೇ ಕೊನೆಗೆ ಉಣ್ಣುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿ ಇದೆ. ಅದು ಹೋಗಿ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವಂತಾದರೆ ಯಾವ ಚಿತ್ರಕ್ಕಿಂತಲೂ ಅದು ಮೇಲು. ಅಲ್ಲಿಯವರೆಗಾದರೂ, ಗೋಡೆಗೆ ಯಾವ ಬಣ್ಣ ಎಂದು ಕೇಳುವ ಮುನ್ನ, ಈ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರು ಯಾವ ಕಡೆಗೆ ಮುಖಮಾಡಿ ಕುಳಿತುಕೊಳ್ಳುತ್ತಾರೆ ಎಂದು ಕೇಳಿಕೊಳ್ಳೋಣ. ಬಣ್ಣವನ್ನೂ ಚಿತ್ರವನ್ನೂ ಅವರೇ ಆರಿಸಲಿ.