ಕೊರಳಿನ ಕೊಳವೆ ಕಟ್ಟಿಕೊಂಡಾಗ

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರದ ಮಾತನಾಡುವ ಗ್ರಾಮಸೇವಕ ಇಂದು ವೈದ್ಯರ ಮಾತೆತ್ತಿದನಲ್ಲಾ ಎಂದು ತಾವು ನಗಬಹುದು. ಹೋದ ಸುಗ್ಗಿಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳದೆ ಇರಲಾರೆ.

ಮಣ್ಣಿನ ಮಾದರಿ ತೆಗೆಯಲು ಹಿರಿಯರೊಬ್ಬರ ಹೊಲಕ್ಕೆ ಹೋಗಿದ್ದೆ. ಗಂಟಲಿನ ಕ್ಯಾನ್ಸರಿನಿಂದ ಉಸಿರಿನ ದಾರಿ ಕಿರಿದಾಗಿ, ಅವರ ಕೊರಳಿನಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟಿದ್ದರು. ಟ್ರೇಕಿಯಾಸ್ಟಮಿ ಎಂದು ಇದರ ಹೆಸರು. ಕೀಟನಾಶಕ ಹೊಟ್ಟೆಗೆ ಸೇರಿ ಬಹಳ ದಿನ ಉಸಿರಾಟದ ಯಂತ್ರದ ಮೇಲಿದ್ದವರಿಗೂ ಹೀಗೆ ಮಾಡುವುದುಂಟು. ಅಂದು ಕಣದಲ್ಲಿ ರಾಗಿ ತೂರುತ್ತಿದ್ದರು. ಹಿರಿಯರು ಪಕ್ಕದಲ್ಲೇ ಕುಳಿತಿದ್ದರು. ಇದ್ದಕ್ಕಿದ್ದಂತೆ ಅವರ ಮೈ ಬೆವರಿತು, ಕೈಯಾಡಿಸತೊಡಗಿದರು, ಕೊರಳಿನಿಂದ ಸಿಳ್ಳಿನಂಥ ಸದ್ದು. ನೊಣ ಓಡಿಸುತ್ತಿದ್ದಾರೆಂದು ನಾನು ತಿಳಿದೆ! ಸೊಸೆ ಓಡಿಬಂದು ಒಳಕೊಳವೆಯನ್ನು ತಿರುಗಿಸಿ ಹೊರಗೆಳೆದರು. ಅದರಲ್ಲಿ ಒಣಗಿದ ಕಫ ಬಿರಡೆಯಂತೆ ಕೂತಿತ್ತು. ಉಸಿರು ಬಂತು. ಆಸ್ಪತ್ರೆಯಲ್ಲಿ ಇದನ್ನು ಕಲಿತಿದ್ದವರು ಆ ಮನೆಯಲ್ಲಿ ಆಕೆಯೊಬ್ಬರೇ. ಆಕೆ ಅಂದು ಸಂತೆಗೆ ಹೋಗಿದ್ದರೆ?

ನಮ್ಮ ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಸೋಸಿ ಒಳಕ್ಕೆ ಬಿಡುತ್ತದೆ. ಕೊಳವೆಯಿಂದ ಉಸಿರಾಡುವವರಿಗೆ ಈ ಕಾವಲಿಲ್ಲ. ಕಫ ಒಣಗಿ ಅಂಟುತ್ತದೆ. ಹನಿ ನೀರಾವರಿಯ ಕೊಳವೆ ಕಟ್ಟಿಕೊಂಡಂತೆಯೇ. ಆದರೆ ಬೆಳೆ ಎರಡು ದಿನ ತಾಳೀತು, ಉಸಿರು ಕೆಲವೇ ನಿಮಿಷ.

ಆದ್ದರಿಂದ ಒಳಕೊಳವೆಯನ್ನು ಆಸ್ಪತ್ರೆಯವರು ಹೇಳಿದ ಕ್ರಮದಲ್ಲಿ ದಿನಕ್ಕೆ ಹಲವು ಸಲ ತೆಗೆದು ಶುಚಿಮಾಡಿರಿ. ಮನೆಯಲ್ಲಿ ಇಬ್ಬರಾದರೂ ಕಲಿಯಿರಿ. ಒಕ್ಕಣೆಯ ಧೂಳು, ಒಲೆಯ ಹೊಗೆ, ಔಷಧಿ ಸಿಂಪರಣೆಯಿಂದ ಅವರನ್ನು ದೂರವಿಡಿ. ರಾತ್ರಿ ಕಂಬಳಿ ಕೊರಳಿನ ಮೇಲೆ ಬೀಳಬಾರದು. ಕೆರೆ ಬಾವಿಗಳಲ್ಲಿ ಈಜು ಬೇಡವೇ ಬೇಡ.

ಉಸಿರು ಕಟ್ಟಿದರೆ ಮೊದಲು ಒಳಕೊಳವೆ ತೆಗೆಯಿರಿ. ಕಫ ಹೀರುವ ಯಂತ್ರವಿದ್ದರೆ ಬಳಸಿರಿ. ಸರಿಹೋಗದಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿರಿ. ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಬಾಯಿ ಮೂಗಿನಿಂದ ಗಾಳಿ ಹೋಗುವುದೇ ಇಲ್ಲ, ಕೊರಳಿನ ರಂಧ್ರದಿಂದಲೇ ಕೊಡಬೇಕು. ಇದನ್ನು ಬಂದವರಿಗೆ ಮರೆಯದೆ ಹೇಳಿರಿ. ಅದೇ ಅಳತೆಯ ಇನ್ನೊಂದು ಕೊಳವೆ, ಒಂದಳತೆ ಚಿಕ್ಕದು ಇನ್ನೊಂದು, ಸದಾ ಹಾಸಿಗೆಯ ಬಳಿ ಇರಲಿ.

ಕೊಳವೆಯಿರುವವರು ಸಾಮಾನ್ಯವಾಗಿ ಕೂಗಲಾರರು, ಇದೇ ದೊಡ್ಡ ಅಪಾಯ. ಆ ಹಿರಿಯರ ಮಂಚಕ್ಕೆ ಈಗ ಎತ್ತಿನ ಕೊರಳಗಂಟೆ ಕಟ್ಟಿದ್ದಾರೆ. ಮೊನ್ನೆ ಅದು ಬಾರಿಸಿತೆಂದು ನಾನೂ ಓಡಿದೆ. ಅವರಿಗೆ ಕಾಫಿ ಬೇಕಾಗಿತ್ತು.