ಮಾರಾಟವಾದದ್ದು ಆಟವೋ, ಆಟದ ತುಣುಕೋ?

(ಸಂಘದ ಮಾಸಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಟದ ಬಗ್ಗೆ ಮಾತನಾಡಲು ನಾನು ಆಟಗಾರನಲ್ಲ. ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ಅನ್ನ ಹುಡುಕಿಕೊಂಡು ಊರು ಬಿಟ್ಟು, ಸರ್ಕಾರಿ ಲೆಕ್ಕಪತ್ರಗಳ ಪರಿಶೋಧನೆಯಲ್ಲಿಯೇ ತಲೆ ನರೆಸಿಕೊಂಡವನು. ಇಲ್ಲಿ ನಾನು ಹೇಳುವುದು ನನ್ನ ಸ್ವಂತ ಅಭಿಪ್ರಾಯವೇ ಹೊರತು ನನ್ನ ಇಲಾಖೆಯದಲ್ಲ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣ ನನ್ನ ಮನೆಯಲ್ಲಿಯೇ ಹುಟ್ಟಿತು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಐ.ಪಿ.ಎಲ್. ಪ್ರಶಸ್ತಿ ಗೆದ್ದಾಗ, ಹೊರನಾಡಿನ ಕನ್ನಡಿಗರೆಲ್ಲರಂತೆ ನಾವೂ ಹಿಗ್ಗಿದೆವು. ಆಗ ಕಾಲೇಜು ತಂಡದಲ್ಲಿ ಬೌಲರನಾಗಿದ್ದ ನನ್ನ ಮಗ ಮಾತ್ರ ಕುರ್ಚಿಯಿಂದ ಏಳಲಿಲ್ಲ. “ಅಪ್ಪಾ, ಇದೆಲ್ಲ ಮೊದಲೇ ಬರೆದಿಟ್ಟ ಸ್ಕ್ರಿಪ್ಟು. ಈ ವರ್ಷ ಇವರ ಸರದಿ, ಅಷ್ಟೆ. ಬೆವರು ಸುರಿಸುವವನು ಮೂರ್ಖ” ಎಂದ. ಅವನ ಮಾತಿನ ಮೊದಲ ಭಾಗಕ್ಕೆ ನಾನು ನಕ್ಕೆ. ಕೊನೆಯ ಭಾಗಕ್ಕೆ ನನಗೆ ನಗು ಬರಲಿಲ್ಲ.

ಪರಿಶೋಧನೆಯಲ್ಲಿ ನಮಗೆ ಮೊದಲು ಕಲಿಸುವ ಪಾಠವೊಂದಿದೆ. ಅನುಮಾನವೇ ಬೇರೆ, ಆಕ್ಷೇಪಣೆಯೇ ಬೇರೆ. ಅನುಮಾನಕ್ಕೆ ಮನಸ್ಸು ಸಾಕು; ಆಕ್ಷೇಪಣೆಗೆ ರಸೀತಿ ಬೇಕು, ದಿನಾಂಕ ಬೇಕು, ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಜಾಡು ಬೇಕು. ವೃತ್ತಿಪರ ಕ್ರೀಡೆಯ ಫಲಿತಾಂಶಗಳು ಲಾಭಕ್ಕಾಗಿ ಗುಟ್ಟಾಗಿ ನಿಗದಿಯಾಗಿರುತ್ತವೆಯೇ ಎಂಬ ಪ್ರಶ್ನೆಗೂ ಅದೇ ಅಳತೆಗೋಲನ್ನು ಹಿಡಿಯಬೇಕೆಂದು ನನ್ನ ವಿನಂತಿ.

ಮೊದಲು ನನ್ನ ಮಗನ ವಾದವನ್ನೇ ತೆಗೆದುಕೊಳ್ಳೋಣ. ಲಾಭವೇ ಉದ್ದೇಶವಾಗಿ, ಸಂಘಟಕರೇ ಫಲಿತಾಂಶವನ್ನು ಬರೆಯುತ್ತಿದ್ದರೆ, ದೇಶದಲ್ಲಿಯೇ ಅತ್ಯಂತ ಹೆಚ್ಚು ಅಭಿಮಾನಿಗಳುಳ್ಳ ತಂಡಗಳಲ್ಲೊಂದನ್ನು 2009, 2011 ಮತ್ತು 2016ರ ಅಂತಿಮ ಪಂದ್ಯಗಳಲ್ಲಿ ಸೋಲಿಸಿ, 18ನೆಯ ಆವೃತ್ತಿಯವರೆಗೆ ಬರಿಗೈಯಲ್ಲಿ ಕಾಯಿಸುವ ವ್ಯಾಪಾರಿ ಎಂಥವನು? ಲೀಗಿನ ಒಡೆಯರು ಮಾರುವ ಸರಕು ಅನಿಶ್ಚಿತತೆಯೇ. ಕೊನೆಯ ಓವರಿನಲ್ಲಿ ಏನಾಗುವುದೋ ಎಂಬ ಕಾತರವಿಲ್ಲದಿದ್ದರೆ ಪ್ರಸಾರದ ಹಕ್ಕಿಗೆ ಸಾವಿರಾರು ಕೋಟಿ ಕೊಡುವವರಿಲ್ಲ. ಸಾಲದುದಕ್ಕೆ ಇಡೀ ಪಂದ್ಯವನ್ನು ನಾಟಕವಾಡಿಸಬೇಕಾದರೆ ಇಪ್ಪತ್ತೆರಡು ಆಟಗಾರರು, ತರಬೇತುದಾರರು, ಅಂಪೈರುಗಳು ಎಲ್ಲರೂ ವರ್ಷಾನುವರ್ಷ ಬಾಯಿ ಮುಚ್ಚಿರಬೇಕು. ಮೂವರಿಗೆ ತಿಳಿದ ಗುಟ್ಟೇ ಊರಿಗೆಲ್ಲ ಹರಡುವ ನಮ್ಮ ನಾಡಿನಲ್ಲಿ ಇದು ನಂಬಲು ಕಷ್ಟ. ಮೇಲಿನಿಂದ ಬರೆದ ಸ್ಕ್ರಿಪ್ಟಿಗೆ ರಸೀತಿ ಇಲ್ಲ.

ಹಾಗೆಂದು ಎಲ್ಲವೂ ಶುದ್ಧವೆಂದು ಹೇಳಲು ನಾನು ಬಂದಿಲ್ಲ. ಏಕೆಂದರೆ ನನ್ನ ಹಳೆಯ ಡೈರಿಯೊಂದರಲ್ಲಿ ಅರ್ಧ ಹರಿದ ಟಿಕೆಟ್ಟೊಂದಿದೆ. 2000ನೆಯ ಇಸವಿಯಲ್ಲಿ ನಾನು ನಾಗಪುರದಲ್ಲಿದ್ದೆ. ಮಾರ್ಚ್ 19ರಂದು ಭಾರತಕ್ಕೂ ದಕ್ಷಿಣ ಆಫ್ರಿಕಕ್ಕೂ ನಡೆದ ಏಕದಿನ ಪಂದ್ಯವನ್ನು ನೋಡಲು, ಕೈಬಿಗಿಯ ಸಂಬಳದಲ್ಲಿ ಉಳಿಸಿದ ಹಣದಿಂದ ಟಿಕೆಟ್ಟು ಕೊಂಡು ಹೋಗಿದ್ದೆ. ಹರ್ಷೆಲ್ ಗಿಬ್ಸ್ 53 ಎಸೆತಗಳಲ್ಲಿ 74 ರನ್ ಬಾರಿಸಿದ್ದನ್ನು ಕಣ್ಣಾರೆ ಕಂಡೆ. ಪಂದ್ಯವನ್ನು ನಾವು 10 ರನ್ನುಗಳಿಂದ ಸೋತೆವು. ಒಳ್ಳೆಯ ಆಟ ನೋಡಿದೆನೆಂಬ ತೃಪ್ತಿಯಿಂದ ಮನೆಗೆ ಬಂದೆ.

ಹತ್ತೊಂಬತ್ತು ದಿನಗಳ ನಂತರ, ಏಪ್ರಿಲ್ 7ರಂದು, ದೆಹಲಿ ಪೊಲೀಸರು ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆಯ ದೂರವಾಣಿ ಸಂಭಾಷಣೆಯ ವಿಷಯವನ್ನು ಬಹಿರಂಗಪಡಿಸಿದರು. ಅಲ್ಲಿಯ ಕಿಂಗ್ ಆಯೋಗದ ಮುಂದೆ ಹೊರಬಂದ ಸಂಗತಿ ಇದು: ಆ ನಾಗಪುರದ ಪಂದ್ಯದಲ್ಲಿ 20ಕ್ಕಿಂತ ಕಡಿಮೆ ರನ್ ಗಳಿಸಲು ಗಿಬ್ಸ್‌ಗೂ, 10 ಓವರುಗಳಲ್ಲಿ 50ಕ್ಕಿಂತ ಹೆಚ್ಚು ರನ್ ಬಿಟ್ಟುಕೊಡಲು ಹೆನ್ರಿ ವಿಲಿಯಮ್ಸ್‌ಗೂ ತಲಾ 15,000 ಡಾಲರಿನ ಆಮಿಷವೊಡ್ಡಲಾಗಿತ್ತು, ಇಬ್ಬರೂ ಮೊದಲು ಒಪ್ಪಿದ್ದರು. ಆದರೆ ಗಿಬ್ಸ್ ಕಣಕ್ಕಿಳಿದ ಮೇಲೆ ಮಾತು ಮುರಿದು ಹೊಡೆದ. ವಿಲಿಯಮ್ಸ್ ಭುಜದ ನೋವಿನಿಂದ 11 ಎಸೆತಗಳಿಗೇ ಬೌಲಿಂಗ್ ನಿಲ್ಲಿಸಿದ. ಆದರೂ ಇಬ್ಬರಿಗೂ ಆರು ತಿಂಗಳ ನಿಷೇಧ, ಕ್ರೋನಿಯೆಗೆ ಆಜೀವ ನಿಷೇಧ. ನಾನು ಚಪ್ಪಾಳೆ ತಟ್ಟಿದ ಆ 74 ರನ್ನು, ಮಾರಾಟಕ್ಕೆ ಒಪ್ಪಿ ಕೊನೆಯ ಗಳಿಗೆಯಲ್ಲಿ ಮಾರದೆ ಉಳಿದ ಸರಕಾಗಿತ್ತು.

ಬಂಧುಗಳೇ, ಇಲ್ಲಿ ಗಮನಿಸಬೇಕಾದದ್ದು, ಬುಕ್ಕಿಯು ಕೊಳ್ಳಲು ಬಂದದ್ದು ಒಂದು ತುಣುಕನ್ನು: ಒಬ್ಬನ ರನ್ನು, ಇನ್ನೊಬ್ಬನ ಓವರುಗಳು. ಅದೇ ವರ್ಷದ ಜನವರಿಯಲ್ಲಿ ಸೆಂಚುರಿಯನ್ ಟೆಸ್ಟಿನ ಮೂರು ದಿನಗಳು ಮಳೆಗೆ ಆಹುತಿಯಾದಾಗ, ಕ್ರೋನಿಯೆ ಎದುರಾಳಿ ನಾಯಕನೊಡನೆ ಮಾತನಾಡಿ, ಒಂದೊಂದು ಇನ್ನಿಂಗ್ಸನ್ನು ಆಡದೆಯೇ ಬಿಟ್ಟುಕೊಟ್ಟು ಪಂದ್ಯಕ್ಕೆ ಜೀವ ತುಂಬಿದ. ಇಂಗ್ಲೆಂಡ್ 2 ವಿಕೆಟುಗಳಿಂದ ಗೆದ್ದಿತು. ಕ್ರೀಡಾ ಮನೋಭಾವವೆಂದು ಹಲವರು ಹೊಗಳಿದರು. ಅನಂತರ ತಿಳಿದುಬಂದದ್ದೆಂದರೆ, ಒಬ್ಬ ಬುಕ್ಕಿಯಿಂದ ಅವನಿಗೆ ಸುಮಾರು 50 ಸಾವಿರ ರ‍್ಯಾಂಡ್ ಮತ್ತು ಒಂದು ಚರ್ಮದ ಜಾಕೆಟ್ಟು ಸಂದಿತ್ತು. ಯಾರು ಗೆಲ್ಲಬೇಕೆಂಬುದು ಬೇಕಾಗಿರಲಿಲ್ಲ. ಯಾರಾದರೂ ಗೆಲ್ಲಬೇಕು, ಪಂದ್ಯ ಡ್ರಾ ಆಗಬಾರದು, ಅಷ್ಟೆ. 2010ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಪಾಕಿಸ್ತಾನದ ಬೌಲರುಗಳು ಎಸೆದ ನೋ ಬಾಲ್‌ಗಳಂತೂ ಇನ್ನೂ ಚಿಕ್ಕ ತುಣುಕು. ಇಂಗ್ಲೆಂಡ್ ಇನ್ನಿಂಗ್ಸ್ ಮತ್ತು 225 ರನ್ನುಗಳಿಂದ ಗೆದ್ದ ಪಂದ್ಯದಲ್ಲಿ ಆ ನೋ ಬಾಲ್‌ಗಳಿಂದ ಫಲಿತಾಂಶದ ಕೂದಲೂ ಕೊಂಕಲಿಲ್ಲ.

ಇದರ ಅರ್ಥಶಾಸ್ತ್ರ ಸರಳವಾದುದು. ಬಾಜಿಯ ಪೇಟೆಯಲ್ಲಿ ಗೆಲುವು ಸೋಲಿನ ಮೇಲೆ ಮಾತ್ರವಲ್ಲ, ಮುಂದಿನ ಆರು ಓವರುಗಳಲ್ಲಿ ಎಷ್ಟು ರನ್ನು ಎಂಬುದರ ಮೇಲೂ ಹಣ ಕಟ್ಟುತ್ತಾರೆ. ಪಂದ್ಯವನ್ನು ಕೊಳ್ಳಲು ತಂಡವೇ ಬೇಕು. ತುಣುಕನ್ನು ಕೊಳ್ಳಲು ಒಬ್ಬನೇ ಸಾಕು. ಒಬ್ಬನನ್ನೇ ಕೊಂಡರೆ ಗುಟ್ಟೂ ಉಳಿಯುತ್ತದೆ, ಖರ್ಚೂ ಕಡಿಮೆ. ಬುಕ್ಕಿಗೆ ಮುಂದಾಗಿ ಗೊತ್ತಿರುವುದು ಉಳಿದವರಿಗೆ ಗೊತ್ತಿಲ್ಲದಿರುವುದೇ ಅವನ ಬಂಡವಾಳ. ಮೋಸದಾಟದಲ್ಲಿ ಮೊದಲು ಜೇಬು ಕಳೆದುಕೊಳ್ಳುವವನು ಎದುರು ಬಾಜಿ ಕಟ್ಟಿದ ಬಡಪಾಯಿ. ಪ್ರಸಾರದ ಬೆಳಕು ಮಂಕಾಗಿರುವ, ಆಟಗಾರನ ಸಂಭಾವನೆ ಅಲ್ಪವಾಗಿರುವ ಕಿರಿಯ ಲೀಗುಗಳೇ ಇಂಥ ವ್ಯಾಪಾರಕ್ಕೆ ಹದವಾದ ನೆಲ.

ಅಂಥ ನೆಲ ನಮ್ಮ ನಾಡಿನಲ್ಲಿಯೂ ಸಿಕ್ಕಿತೆಂಬುದು ನೋವಿನ ಸಂಗತಿ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನ ಮೇಲೆ 2019ರಲ್ಲಿ ಆರೋಪ ಬಂದು, ಬೆಂಗಳೂರು ಪೊಲೀಸರು ತಂಡದ ಮಾಲಿಕರೊಬ್ಬರನ್ನೂ ಕೆಲವು ಆಟಗಾರರನ್ನೂ ಬಂಧಿಸಿದರು. ಅಂತಿಮ ಪಂದ್ಯದಲ್ಲಿ ಹಣಕ್ಕಾಗಿ ನಿಧಾನವಾಗಿ ಬ್ಯಾಟ್ ಬೀಸಿದರೆಂಬುದೂ ಆರೋಪಗಳಲ್ಲೊಂದು. ಆರೋಪವೆಂದೇ ಹೇಳುತ್ತೇನೆ, ಏಕೆಂದರೆ ಅದು ನಿಜವೋ ಸುಳ್ಳೋ ಎಂಬ ವಿಚಾರಣೆಯ ಘಟ್ಟಕ್ಕೆ ಆ ಪ್ರಕರಣ ಹೋಗಲಿಲ್ಲ. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಮೋಸದಾಟವು ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದಾದರೂ ದಂಡ ಸಂಹಿತೆಯ 420ನೆಯ ಕಲಮಿನ ವಂಚನೆ ಆಗುವುದಿಲ್ಲ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದು ಹೇಳಿ ಮೊಕದ್ದಮೆಯನ್ನು ರದ್ದುಪಡಿಸಿತು. ಪ್ರೇಕ್ಷಕನು ಟಿಕೆಟ್ಟನ್ನು ಸ್ವಇಚ್ಛೆಯಿಂದಲೇ ಕೊಳ್ಳುತ್ತಾನೆ, ಅವನನ್ನು ಯಾರೂ ಪ್ರೇರೇಪಿಸಿರುವುದಿಲ್ಲ ಎಂಬುದು ಅಲ್ಲಿಯ ತರ್ಕಗಳಲ್ಲೊಂದು. ರಾಜ್ಯ ಸರ್ಕಾರ ಇದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು.

ನ್ಯಾಯಾಲಯವನ್ನು ದೂರಲು ನಾನು ಸಿದ್ಧನಿಲ್ಲ. ಇಲ್ಲದ ಕಾನೂನನ್ನು ನ್ಯಾಯಾಧೀಶರು ಸೃಷ್ಟಿಸಲಾರರು. ಆದರೆ ಆ ತೀರ್ಪನ್ನು ಓದಿದ ದಿನ ನಾಗಪುರದ ನನ್ನ ಟಿಕೆಟ್ಟನ್ನು ತೆಗೆದು ನೋಡಿದೆ. ಹೌದು, ನಾನಾಗಿಯೇ ಕೊಂಡದ್ದು. ಆದರೆ ಕೊಂಡದ್ದು ಏನನ್ನು? ಎರಡು ತಂಡಗಳು ಮನಸಾರೆ ಹೋರಾಡುತ್ತವೆ ಎಂಬ ಮಾತನ್ನಲ್ಲವೇ? ಕೌರವರ ಸಭೆಯಲ್ಲಿಯೂ ದ್ಯೂತಕ್ಕೆ ಧರ್ಮರಾಯ ತಾನಾಗಿಯೇ ಕುಳಿತ. ದ್ರೌಪದಿ ಪ್ರಶ್ನೆ ಕೇಳಿದಾಗ ಧರ್ಮ ಸೂಕ್ಷ್ಮವೆಂದು ಹಿರಿಯರು ತಲೆ ತಗ್ಗಿಸಿದರು. ಆಟದಲ್ಲಿ ಮೋಸವಿದೆಯೆಂದು ಗೊತ್ತಿದ್ದೂ ಹೆಸರಿಸಲು ನಿಯಮವಿಲ್ಲದ ಸಭೆಯ ಸ್ಥಿತಿ ಅದು.

ಹೊರಗಿನ ಉದಾಹರಣೆಗಳನ್ನು ನೋಡಿ. ಅಮೆರಿಕದಲ್ಲಿ 1919ರ ಬೇಸ್‌ಬಾಲ್ ವಿಶ್ವ ಸರಣಿಯನ್ನು ಮಾರಿಕೊಂಡ ಆರೋಪದ ಮೇಲೆ ವಿಚಾರಣೆಗೊಳಗಾದ ಚಿಕಾಗೋ ಆಟಗಾರರನ್ನು 1921ರಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ಆದರೂ ಕ್ರೀಡೆಯ ಆಡಳಿತವು ಎಂಟು ಮಂದಿಯನ್ನು ಆಜೀವ ಹೊರಹಾಕಿತು. ನಾವು ಇಂದಿಗೂ ಬಹುಮಟ್ಟಿಗೆ ಅಲ್ಲಿಯೇ ನಿಂತಿದ್ದೇವೆ. ಇತ್ತ ಲಾರ್ಡ್ಸ್ ಪ್ರಕರಣದಲ್ಲಿ 2011ರ ನವೆಂಬರ್‌ನಲ್ಲಿ ಲಂಡನ್ನಿನ ನ್ಯಾಯಾಲಯ ಮೂವರು ಆಟಗಾರರನ್ನೂ ಅವರ ದಲ್ಲಾಳಿಯನ್ನೂ ಸೆರೆಮನೆಗೆ ಕಳುಹಿಸಿತು, ಏಕೆಂದರೆ ಅಲ್ಲಿಯ 2005ರ ಕಾಯಿದೆಯಲ್ಲಿ ಜೂಜಿನಲ್ಲಿ ಮೋಸ ಮಾಡುವುದೇ ಸ್ವತಂತ್ರ ಅಪರಾಧ. ನೆರೆಯ ಶ್ರೀಲಂಕಾ 2019ರಲ್ಲಿ ಪ್ರತ್ಯೇಕ ಕಾನೂನು ಮಾಡಿಕೊಂಡಿತು. ನಮ್ಮಲ್ಲಿಯೋ, ಕ್ರೋನಿಯೆ ಪ್ರಕರಣದಲ್ಲಿ ಆರೋಪಪಟ್ಟಿ ಸಲ್ಲಿಕೆಯಾದದ್ದು 2013ರಲ್ಲಿ. ಆತ 2002ರಲ್ಲಿಯೇ ವಿಮಾನಾಪಘಾತದಲ್ಲಿ ತೀರಿಕೊಂಡಿದ್ದ. ಮೋಸದಾಟವನ್ನು ಅಪರಾಧವಾಗಿಸಬೇಕೆಂದು 2016ರಲ್ಲಿ ಲೋಧಾ ಸಮಿತಿಯೂ 2018ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅದು ಬಾಜಿ ಕಟ್ಟಿಸಿಕೊಳ್ಳುವ ಕೈಯನ್ನು ಹಿಡಿಯುತ್ತದೆ. ಮೈದಾನದಲ್ಲಿ ಆಟವನ್ನು ಮಾರುವ ಕೈಗೆ ಬೇರೆಯೇ ಕಾನೂನು ಬೇಕು.

ಈಗ ನನ್ನ ಮಗನ ಮಾತಿನ ಕೊನೆಯ ಭಾಗಕ್ಕೆ ಬರುತ್ತೇನೆ. ಎಲ್ಲವೂ ಮೋಸವೆಂದು ತೀರ್ಮಾನಿಸುವವನು ತಾನು ಯಾರಿಗೂ ಮರುಳಾಗದ ಜಾಣನೆಂದು ಭಾವಿಸುತ್ತಾನೆ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಾದರೆ, ನಿಜವಾದ ಹಳದಿಯನ್ನು ಗುರುತಿಸುವುದು ಹೇಗೆ? ಎಲ್ಲರೂ ಕಳ್ಳರೆಂದಾಗ ಕಳ್ಳನಿಗೆ ನೆಮ್ಮದಿ. ಅವನನ್ನು ಹುಡುಕುವವರೇ ಇರುವುದಿಲ್ಲ. ಅದೇ ಮಾತು ಪ್ರಾಮಾಣಿಕನ ಬೆವರನ್ನೂ ಬೆಲೆಯಿಲ್ಲದ್ದಾಗಿಸುತ್ತದೆ. ನಾಳೆ ಕಿರಿಯ ಲೀಗೊಂದರಲ್ಲಿ ಆಡುವ ಹುಡುಗನ ಬಳಿಗೆ ದಲ್ಲಾಳಿ ಬಂದಾಗ ಅವನು ಆಡುವ ಮೊದಲ ಮಾತೇ ಇದು: “ಎಲ್ಲರೂ ಮಾಡುತ್ತಾರಪ್ಪ, ನೀನೊಬ್ಬನೇ ಏಕೆ ಮೂರ್ಖನಾಗುತ್ತೀಯೆ?” ನನ್ನ ಮಗನ ಬಾಯಲ್ಲಿ ನಾನು ಕೇಳಿದ್ದು ಆ ದಲ್ಲಾಳಿಯ ವಾಕ್ಯವನ್ನು. ಆ ರಾತ್ರಿ ನನಗೆ ನಿದ್ದೆ ಬಾರದಿದ್ದುದು ಅದಕ್ಕೇ.

ನಮ್ಮ ಸಂಘದಲ್ಲಿ ಆಡುವ ಮಕ್ಕಳಿದ್ದಾರೆ, ಆಡಿಸುವ ತಂದೆತಾಯಿಯರಿದ್ದಾರೆ. ಅವರಲ್ಲಿ ಎರಡು ಮಾತು. ಆಮಿಷ ಬಂದಾಗ ನಿರಾಕರಿಸಿದರೆ ಸಾಲದು, ತಿಳಿಸಬೇಕು. 2019ರಲ್ಲಿ ಬಾಂಗ್ಲಾದೇಶದ ಶಕೀಬ್ ಅಲ್ ಹಸನ್‌ಗೆ ನಿಷೇಧ ಬಂದದ್ದು ಆಟ ಮಾರಿದ್ದಕ್ಕಲ್ಲ, ಬುಕ್ಕಿ ಸಂಪರ್ಕಿಸಿದ್ದನ್ನು ವರದಿ ಮಾಡದಿದ್ದುದಕ್ಕೆ. ಎರಡನೆಯದು, ಕಳ್ಳಪೇಟೆಯಲ್ಲಿ ನಾವು ಕಟ್ಟುವ ನೂರು ರೂಪಾಯಿಯೂ ಆಟಗಾರನನ್ನು ಕೊಳ್ಳುವ ಬೊಕ್ಕಸಕ್ಕೇ ಹೋಗುತ್ತದೆ. ಮೋಸದಾಟವನ್ನು ಬಯ್ಯುತ್ತ ಬಾಜಿ ಕಟ್ಟುವುದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇನ್ನು ನಮ್ಮ ಸಂಘದ ಕಡೆಯಿಂದ, ಪ್ರತ್ಯೇಕ ಕಾನೂನು ಬೇಕೆಂದು ಕೋರುವ ಒಂದು ಮನವಿಯನ್ನು ಕರ್ನಾಟಕದ ಸಂಸದರಿಗೆ ಕಳುಹಿಸಬಹುದೇ ಎಂದು ಸಮಿತಿ ಯೋಚಿಸಲಿ.

ಆ ಅರ್ಧ ಟಿಕೆಟ್ಟನ್ನು ಕಳೆದ ವಾರ ಮಗನ ಕೈಗೆ ಕೊಟ್ಟು, ಆ 74 ರನ್ನಿನ ಕಥೆಯನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಅಂದರೆ ಅವನು ಕೊನೆಗೆ ನಿಜವಾಗಿಯೇ ಆಡಿದನೇ?” ಎಂದು ಕೇಳಿದ. ಹೌದು ಎಂದೆ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅವನ ಬೂಟುಗಳು ಬಾಗಿಲ ಬಳಿ ಇರಲಿಲ್ಲ, ಅಭ್ಯಾಸಕ್ಕೆ ಹೋಗಿದ್ದ.